ಒಂದು ದಾರಿ ಹಿಡಿದು ವರ್ಷವಿಡೀ: ರಾಯಚೂರಿನ ಸಣ್ಣ ಖುಷಿಗಳಿಗೊಂದು ಕೈಪಿಡಿ

ರಾಯಚೂರಿಗೆ ನೆಂಟರು ಬಂದರೆ ನಾವು ಅವರನ್ನು ಊರಿನಿಂದ ಹೊರಗೆ ಕರೆದೊಯ್ಯುತ್ತೇವೆ. ಒಂದು ದಿನ ಇದ್ದರೆ ಮಂತ್ರಾಲಯ, ಎರಡು ದಿನ ಇದ್ದರೆ ಹಂಪಿ. ‘ನಮ್ಮೂರಾಗ ನೋಡಾಕ ಏನೈತ್ರಿ, ಬಿಸಲು, ಧೂಳು’ ಅನ್ನುವುದು ಇಲ್ಲಿ ಹುಟ್ಟಿ ಬೆಳೆದವರ ಬಾಯಲ್ಲೇ ಹೆಚ್ಚು. ಈ ಮಾತನ್ನು ನಾನು ಒಪ್ಪುವುದಿಲ್ಲ. ಕೃಷ್ಣೆ, ತುಂಗಭದ್ರೆಯರ ನಡುವಿನ ನೆಲ ಇದು. ಸಂತೆಯಲ್ಲಿ ಮೂರು ಭಾಷೆ ನಡೆಯುತ್ತದೆ. ಏಳುನೂರು ವರ್ಷ ದಾಟಿದ ಕೋಟೆಯ ಮಗ್ಗುಲಲ್ಲೇ ಜನ ದಿನವೂ ಬಸ್ಸು ಹತ್ತಿ ಇಳಿಯುತ್ತಾರೆ. ಆದರೆ ಬೈಕ್ ಏರಿ ಹೊರಟರೆ ಮನೆಗೂ ಕಚೇರಿಗೂ ನಡುವೆ ಗುಂಡಿ, ಹಾರ್ನು, ಸಿಗ್ನಲ್ಲು ಬಿಟ್ಟು ಬೇರೇನೂ ಕಣ್ಣಿಗೆ ಬೀಳುವುದಿಲ್ಲ.

ನಾನು ಹೇಳುವ ವಿಧಾನ ಊರು ಸುತ್ತುವವರಿಗಲ್ಲ, ಊರಲ್ಲೇ ಇರುವವರಿಗೆ. ಹೊಸ ಜಾಗ ಹುಡುಕಬೇಡಿ. ಒಂದೇ ದಾರಿಗೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಮತ್ತೆ ಮತ್ತೆ ಹೋಗಿ. ಒಮ್ಮೆ ಹೋದವರಿಗೆ ಕಾಣುವುದು ಅಂಗಡಿ ಮಾತ್ರ. ಹತ್ತಾರು ಸಲ ಹೋದವರಿಗೆ ಅಂಗಡಿಯಾತ ಇವತ್ತು ಯಾಕೆ ಶಟರ್ ತಡವಾಗಿ ಎತ್ತಿದ ಎಂಬುದೂ ತಿಳಿಯುತ್ತದೆ. ಖುಷಿ ಶುರುವಾಗುವುದೇ ಅಲ್ಲಿಂದ.

ಮೊದಲು ದಾರಿ ಗೊತ್ತುಮಾಡಿಕೊಳ್ಳಿ

ಅರ್ಧ ಗಂಟೆಯಲ್ಲಿ ನಡೆದು ಮುಗಿಯುವಷ್ಟು ದಾರಿ ಸಾಕು. ಅದಕ್ಕೂ ಉದ್ದವಾದರೆ ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ದಾರಿಯಲ್ಲಿ ಮೂರು ಸಂಗತಿ ಇರಲೇಬೇಕು: ಕೂಡಲು ಒಂದು ಜಾಗ, ಬದಲಾಗದ ಒಂದು ಹಳೆಯ ವಸ್ತು, ದಿನವೂ ಬದಲಾಗುವ ಒಂದು ವ್ಯಾಪಾರ. ಹಳೆಯದೆಂದರೆ ಕೋಟೆಯೇ ಆಗಬೇಕಿಲ್ಲ, ಒಂದು ಬೇವಿನ ಮರವೂ ಆದೀತು, ಬಾವಿಕಟ್ಟೆಯೂ ಆದೀತು.

ಹಳೇ ಊರಿನವರಿಗೆ ಆಯ್ಕೆ ಸುಲಭ. ಬಸ್ ನಿಲ್ದಾಣದ ಕಡೆಯ ಕೋಟೆ ಗೋಡೆಯಿಂದ ಹಿಡಿದು ತೀನ್ ಕಂದಿಲ್ ವೃತ್ತದವರೆಗೆ ನಡೆದರೆ ಮೂರೂ ಸಿಗುತ್ತವೆ. ಪಟೇಲ್ ರಸ್ತೆಯ ಸುತ್ತಮುತ್ತಲಿನವರು ಉಸ್ಮಾನಿಯಾ ಮಾರ್ಕೆಟ್ಟನ್ನು ಸೇರಿಸಿಕೊಳ್ಳಲಿ. ಸ್ಟೇಷನ್ ಕಡೆಯವರಿಗೆ ಸ್ಟೇಷನ್ ರಸ್ತೆ ಇದ್ದೇ ಇದೆ. ದೂರದ ಬಡಾವಣೆಗಳಲ್ಲಿರುವವರು ಹಾಲಿನ ಅಂಗಡಿಯಿಂದ ಹತ್ತಿರದ ಪಾರ್ಕಿನವರೆಗಿನ ದಾರಿಯನ್ನೇ ಹಿಡಿಯಲಿ. ಇದಕ್ಕಾಗಿ ಆಟೋ ಮಾಡಿಕೊಂಡು ಕೋಟೆಗೆ ಬರುವುದು ಬೇಡ. ದಿನದ ಓಡಾಟದಲ್ಲೇ ಸೇರಿಹೋಗದ ದಾರಿ ಬಹಳ ದಿನ ನಡೆಯುವುದಿಲ್ಲ.

ಹೊತ್ತು

ರಾಯಚೂರಿನಲ್ಲಿ ಹೊತ್ತನ್ನು ನಾವು ಆರಿಸುವುದಿಲ್ಲ, ಬಿಸಿಲು ಆರಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆ ಎರಡು ತಿಂಗಳು ಬೆಳಿಗ್ಗೆ ಆರರಿಂದ ಎಂಟು, ಇಲ್ಲವೇ ಸಂಜೆ ಆರೂವರೆಯ ಮೇಲೆ. ನಡುವೆ ಹೊರಡುವ ಸಾಹಸ ಬೇಡ, ಹೆಗಲಿಗೆ ಟವೆಲ್, ಕೈಯಲ್ಲಿ ನೀರಿನ ಬಾಟ್ಲಿ ಇದ್ದರೂ ಬೇಡ. ಜೂನ್ ಮಳೆ ಬಿದ್ದ ಮೇಲೆ ಸಂಜೆ ಐದಕ್ಕೇ ಹೊರಡಬಹುದು. ನವೆಂಬರ್‌ನಿಂದ ಜನವರಿವರೆಗೆ ಬೆಳಿಗ್ಗೆ ಎಂಟರ ಎಳೆಬಿಸಿಲು ಬೆನ್ನಿಗೆ ಹಿತ. ಮೊದಲ ಸಲ ಶುರುಮಾಡುವವರು ಆಗಲೇ ಶುರುಮಾಡಲಿ, ರೂಢಿ ಗಟ್ಟಿಯಾಗುವ ಹೊತ್ತಿಗೆ ಬೇಸಿಗೆ ಬರುತ್ತದೆ.

ಕೂಡುವುದನ್ನು ಕಲಿಯಿರಿ

ನಡೆಯುವುದಕ್ಕಿಂತ ಕೂಡುವುದು ಕಷ್ಟ. ಸುಮ್ಮನೆ ಕೂತವರನ್ನು ಜನ ‘ಯಾರ ದಾರಿ ಕಾಯಕತ್ತೀರಿ’ ಎಂದು ಕೇಳುತ್ತಾರೆ. ಆದ್ದರಿಂದ ಚಾ ಹೋಟೆಲ್ಲು. ರಸ್ತೆಗೆ ಮುಖ ಮಾಡಿದ ಬೆಂಚು ಇರುವುದನ್ನು ಹುಡುಕಿ, ಒಳಗೆ ಫ್ಯಾನಿನ ಕೆಳಗೆ ಕೂತರೆ ಪ್ರಯೋಜನವಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಜನ ನಿಂತೇ ತಿನ್ನುವ ಹೊತ್ತು. ಆಗ ಬೆಂಚು ಹಿಡಿದು ಕೂಡುವುದು ಸರಿಯಲ್ಲ. ತಿಂದು ಏಳಿ. ಹತ್ತೂವರೆಯ ಮೇಲೆ, ಇಲ್ಲವೇ ಇಳಿಹೊತ್ತಿನಲ್ಲಿ ಒಂದು ಚಾಕ್ಕೆ ಅರ್ಧ ಗಂಟೆ ಕೂತರೂ ಯಾರೂ ಏನೂ ಅನ್ನುವುದಿಲ್ಲ.

ಬೆಳಿಗ್ಗೆ ಹೋದರೆ ತಿನ್ನುವುದು ಮಂಡಾಳ ಒಗ್ಗರಣಿ, ಅಂದರೆ ಮಂಡಕ್ಕಿಯ ಒಗ್ಗರಣೆ, ಜೊತೆಗೆ ಮಿರ್ಚಿ. ತಿನ್ನುವ ಮೊದಲು ಮಾಡುವುದನ್ನು ನೋಡಿ. ಅಡುಗೆಯಾತ ಚೀಲದಿಂದ ಮಂಡಾಳನ್ನು ನೀರಿನ ಬೋಗುಣಿಗೆ ಸುರಿದು, ಎರಡು ಸಲ ಮುಳುಗಿಸಿ, ಎರಡೂ ಅಂಗೈ ನಡುವೆ ಎತ್ತಿ ಹಿಂಡುತ್ತಾನೆ. ಇಡೀ ರುಚಿ ನಿಂತಿರುವುದು ಆ ಹಿಂಡುವುದರಲ್ಲಿ. ಜೋರಾಗಿ ಹಿಂಡಿದರೆ ಮುದ್ದೆಗಟ್ಟುತ್ತದೆ, ನೀರು ಉಳಿದರೆ ಬಾಣಲೆಯಲ್ಲಿ ಗಂಜಿಯಾಗುತ್ತದೆ. ಒಳ್ಳೆಯ ಕೈ ಇರುವಾತ ಬೆರಳ ಸಂದಿಯಿಂದ ನೀರು ಇಳಿದು ನಿಂತ ಕ್ಷಣಕ್ಕೆ ಸರಿಯಾಗಿ ಬಿಡುತ್ತಾನೆ. ಬಾಣಲೆಯಲ್ಲಿ ಅಷ್ಟೊತ್ತಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣ ಸಿದ್ಧವಾಗಿರುತ್ತವೆ. ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ, ಲಿಂಬೆಹಣ್ಣು ಹಿಂಡಿ, ಕೊತ್ತಂಬರಿ ಹಾಕಿದರೆ ಆಯಿತು. ಅದನ್ನು ಕಾಗದದ ಮೇಲೋ ತಟ್ಟೆಯಲ್ಲೋ ಇಕ್ಕಿ ಕೊಟ್ಟಾಗ ಮೊದಲ ತುತ್ತನ್ನು ಮಿರ್ಚಿ ಇಲ್ಲದೆ ತಿನ್ನಿ. ಪುಟಾಣಿಯ ಹುರಿದ ವಾಸನೆ ಸಿಗುವುದು ಆಗ ಮಾತ್ರ. ಮಿರ್ಚಿಯ ಖಾರ ನಾಲಿಗೆಗೆ ತಾಗಿದ ಮೇಲೆ ಅದು ಹೋಯಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ನಮ್ಮ ಚಾ ಹೋಟೆಲ್ಲುಗಳ ಬೆಂಚು ಹೆಚ್ಚಾಗಿ ಗಂಡಸರದ್ದೇ. ಹೆಣ್ಣುಮಕ್ಕಳು ಒಬ್ಬರೇ ಕೂತರೆ ತಿರುತಿರುಗಿ ನೋಡುವವರು ಇದ್ದಾರೆ, ಇದು ಬದಲಾಗಬೇಕು. ಬದಲಾಗುವವರೆಗೆ ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಕೂತೇ ಬಿಡಿ. ಅದು ಬೇಡವೆನಿಸಿದರೆ ಉಸ್ಮಾನಿಯಾ ಮಾರ್ಕೆಟ್ಟಿನ ಬೆಳಗು, ಗುಡಿಯ ಕಟ್ಟೆ, ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಇವೆ. ಅಲ್ಲಿ ಕೂತರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಮಾರ್ಕೆಟ್ಟಿಗೆ ಕೈಚೀಲ ಹಿಡಿದೇ ಹೋಗಿ

ಸಂತೆಯನ್ನು ಬರೀ ನೋಡಲು ಹೋದರೆ ಅಡ್ಡಡ್ಡ ಬರುವ ಮನುಷ್ಯರಾಗುತ್ತೀರಿ. ಏನಾದರೂ ಕೊಳ್ಳಲು ಹೋಗಿ, ಸ್ವಲ್ಪವೇ ಆಗಲಿ. ಒಬ್ಬರ ಹತ್ತಿರವೇ ಕೊಳ್ಳಿ. ಪುಂಡಿಪಲ್ಯ, ರಾಜಗಿರಿ, ಮೆಂತೆಯ ಕಟ್ಟುಗಳನ್ನು ಒದ್ದೆ ಗೋಣಿತಾಟಿನ ಮೇಲೆ ಹರಡಿಕೊಂಡು ಕೂಡುವ ಅವ್ವಂದಿರು ಸುತ್ತಲ ಹಳ್ಳಿಗಳಿಂದ ಬೆಳಕು ಹರಿಯುವ ಮೊದಲೇ ಹೊರಟು ಬಂದಿರುತ್ತಾರೆ. ಒಂದೆರಡು ವಾರ ಅವರ ಹತ್ತಿರವೇ ಕೊಂಡರೆ ಅವರೇ ಮುಂದಾಗಿ ಮಾತಾಡುತ್ತಾರೆ.

‘ಯವ್ವಾ, ಪುಂಡಿಪಲ್ಯ ಹೆಂಗ ಕೊಟ್ಟಿ?’

‘ಹತ್ತಕ್ಕ ಎರಡು ಕಟ್ಟು. ನಿನಗ ಇವತ್ತು ಬ್ಯಾಡ ತಮ್ಮಾ, ಬಿಸಿಲಿಗೆ ಬಾಡೈತಿ. ನಾಳಿ ಬಾ, ಹೊಲದಾಗಿಂದ ಹಸೀದು ತರ್ತೀನಿ.’

ಬಂದ ಗಿರಾಕಿಯನ್ನೇ ನಾಳೆಗೆ ಕಳಿಸುವ ಈ ಪ್ರಾಮಾಣಿಕತೆ ಯಾವ ಮಾಲ್‌ನಲ್ಲೂ ಸಿಗುವುದಿಲ್ಲ. ಪಲ್ಯ ಚೀಲಕ್ಕೆ ಬಿದ್ದ ಮೇಲೆ ತಕ್ಷಣ ಎದ್ದು ಹೊರಡಬೇಡಿ, ಕೊಸರಿಗೆ ಕಾಯಿರಿ. ಕೇಳಬೇಕಿಲ್ಲ, ಚೀಲದ ಬಾಯಿ ಸ್ವಲ್ಪ ತೆರೆದೇ ಹಿಡಿದಿದ್ದರೆ ಸಾಕು. ಒಂದೆಳೆ ಕರಿಬೇವೋ, ನಾಲ್ಕು ಹಸಿಮೆಣಸಿನಕಾಯಿಯೋ ತಾನಾಗಿ ಬೀಳುತ್ತದೆ. ಕೊಸರಿಗಾಗಿ ಚೌಕಾಸಿ ಮಾಡಿದರೆ ಅದರ ಸುಖವೇ ಹೋಗುತ್ತದೆ. ಹತ್ತು ರೂಪಾಯಿಯ ವ್ಯಾಪಾರದಲ್ಲಿ ಅವರು ತಮ್ಮ ಇಷ್ಟದಿಂದ ಕೊಡುವುದು ಅದೊಂದೇ.

ಕಿವಿಯನ್ನೂ ತೆರೆದಿಡಿ. ಹಣ್ಣಿನ ಬಂಡಿಯ ಮುಂದೆ ಐದು ನಿಮಿಷ ನಿಂತರೆ ಒಬ್ಬರು ಕನ್ನಡದಲ್ಲಿ ದರ ಕೇಳುತ್ತಾರೆ, ಇನ್ನೊಬ್ಬರು ತೆಲುಗಿನಲ್ಲಿ, ಮತ್ತೊಬ್ಬರು ಈ ಕಡೆಯ ಉರ್ದುವಾದ ದಖನಿಯಲ್ಲಿ. ಬಂಡಿಯಾತ ಯಾರ ಮುಖವನ್ನೂ ತಲೆಯೆತ್ತಿ ನೋಡದೆ, ಕೇಳಿದ ಭಾಷೆಯಲ್ಲೇ ಉತ್ತರ ಕೊಟ್ಟು ತಕ್ಕಡಿ ಎತ್ತುತ್ತಾನೆ. ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ನನಗೆ ಮಾತ್ರ ಇದು ಈ ಊರಿನ ಅತ್ಯಂತ ಒಳ್ಳೆಯ ಗುಣಗಳಲ್ಲಿ ಒಂದು ಅನ್ನಿಸುತ್ತದೆ, ಪ್ರತಿಸಲವೂ.

ಹಣ್ಣಿನ ಬಂಡಿಯೇ ಇಲ್ಲಿಯ ಪಂಚಾಂಗ. ಏಪ್ರಿಲ್ ಮುಗಿಯುವ ಹೊತ್ತಿಗೆ ತಾಟಿನುಂಗು, ಮಾವು. ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಬಿದಿರ ಬುಟ್ಟಿಯಲ್ಲಿ ಸೀತಾಫಲ. ಸೀತಾಫಲ ಕೊಳ್ಳುವಾಗ ಒತ್ತಿ ನೋಡಬೇಡಿ, ಕಣ್ಣುಗಳ ನಡುವಿನ ಗೆರೆ ಬಿರಿದು ಬೆಳ್ಳಗೋ ಕೆನೆಬಣ್ಣಕ್ಕೋ ತಿರುಗಿದ್ದರೆ ಬಲಿತಿದೆ ಎಂದು ಲೆಕ್ಕ. ಮನೆಯಲ್ಲಿ ಎರಡು ದಿನ ಅಕ್ಕಿ ಡಬ್ಬಿಯಲ್ಲಿಟ್ಟರೆ ಹಣ್ಣಾಗುತ್ತದೆ.

ಕಲ್ಲಿನ ಮುಂದೆ ನಿಲ್ಲಿ

ಹಳೇ ಊರಿನ ದಾರಿ ಹಿಡಿದವರಿಗೆ ಇದು. ಉಳಿದವರೂ ಒಮ್ಮೆ ಬಂದು ನೋಡಬೇಕು.

ಕೋಟೆಯ ಒಳಗೋಡೆಯ ಪಶ್ಚಿಮ ಬದಿಯಲ್ಲಿ 41 ಅಡಿಗೂ ಮಿಕ್ಕಿ ಉದ್ದದ ಒಂದೇ ಕಲ್ಲು ಇದೆ. ಗೋಡೆಯ ಕಲ್ಲುಗಳನ್ನೆಲ್ಲ ಗಾರೆ ಇಲ್ಲದೆ, ಒಂದರ ಮೇಲೊಂದು ಕೂಡಿಸಿ ಕಟ್ಟಿದ್ದಾರೆ. ಸಂದಿಯಲ್ಲಿ ಪೋಸ್ಟ್ ಕಾರ್ಡ್ ತೂರಿಸಲೂ ಆಗದ ಕಡೆಗಳಿವೆ. ಆ ಉದ್ದ ಕಲ್ಲಿನ ಮೇಲಿನ ಶಾಸನ, ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ್ದನ್ನು ಹೇಳುತ್ತದೆ. ಇಷ್ಟು ಶಾಲೆಯ ಪಾಠದಲ್ಲೂ ಸಿಗುತ್ತದೆ. ಪಾಠದಲ್ಲಿ ಸಿಗದ್ದು ಅದೇ ಗೋಡೆಯಲ್ಲಿ ಗೀರಿದ ಚಿತ್ರ. ಅಷ್ಟು ದೊಡ್ಡ ಕಲ್ಲನ್ನು ಗಾಡಿಯ ಮೇಲೆ ಹೇರಿ ತಂದದ್ದು ಹೇಗೆ ಎಂದು ಯಾರೋ ಅಲ್ಲೇ ಬರೆದಿಟ್ಟಿದ್ದಾರೆ. ಕಲ್ಲು ಹೊತ್ತ ಗಾಡಿ, ಅದರ ಮುಂದೆ ಜಾನುವಾರುಗಳ ಉದ್ದ ಸಾಲು, ಹೊಡೆಯುವ ಆಳುಗಳು, ಗಾಲಿಗೆ ಕೈಕೊಡುವ ಆಳುಗಳು.

ಅದು ರಾಜರ ಚಿತ್ರವಲ್ಲ, ದೇವರ ಚಿತ್ರವೂ ಅಲ್ಲ. ಕೆಲಸದ ಚಿತ್ರ. ಏಳು ಶತಮಾನದ ಹಿಂದೆ ಬೆವರು ಹರಿಸಿದವರು ‘ನಾವು ಹಿಂಗ ತಂದ್ವಿ’ ಎಂದು ಹೇಳಿಕೊಂಡದ್ದು ಈ ಊರಲ್ಲಿದೆ. ಇದನ್ನು ನೋಡದೆಯೇ ಇದರ ಪಕ್ಕದಿಂದ ದಿನವೂ ಬಸ್ಸಿಗೆ ಓಡುವವರು ಎಷ್ಟೋ ಮಂದಿ ಎಂಬುದು ನನಗೆ ನಿಜವಾಗಿಯೂ ಸಂಕಟ ತರುತ್ತದೆ.

ನೋಡುವ ಕ್ರಮ ಹೀಗಿರಲಿ. ಗೀರು ಆಳವಿಲ್ಲದ್ದರಿಂದ ಬಿಸಿಲು ನೇರ ಬಿದ್ದಾಗ ಏನೂ ಕಾಣುವುದಿಲ್ಲ. ಬೆಳಕು ಗೋಡೆಗೆ ಓರೆಯಾಗಿ ತಾಗುವ ಹೊತ್ತಿಗೆ ಗೆರೆಗಳ ಅಂಚಿನಲ್ಲಿ ನೆರಳು ಕಟ್ಟುತ್ತದೆ, ಆಗ ಒಂದೊಂದೇ ಕೋಡು ಮೇಲೇಳುತ್ತದೆ. ಋತುವಿಗೆ ತಕ್ಕಂತೆ ಆ ಹೊತ್ತು ಸರಿಯುತ್ತದೆ, ಆದ್ದರಿಂದ ಬೇರೆ ಬೇರೆ ವೇಳೆಗೆ ಹೋಗಿ ನಿಮ್ಮ ಹೊತ್ತನ್ನು ನೀವೇ ಕಂಡುಕೊಳ್ಳಿ. ಮೊದಲು ಗಾಡಿ ಹುಡುಕಿ, ಅಲ್ಲಿಂದ ಸಾಲು ಹಿಡಿದು ಮುಂದೆ ಸಾಗಿ. ಅವು ಎತ್ತುಗಳೋ ಕೋಣಗಳೋ ಎಂಬುದನ್ನು ಕೋಡಿನ ಬಾಗು ನೋಡಿ ಜೊತೆಯಲ್ಲಿ ಬಂದವರೊಡನೆ ವಾದ ಮಾಡಿ, ಒಳ್ಳೆಯ ವಾದ ಅದು. ಗೆರೆ ಕಾಣಲಿ ಎಂದು ಸುಣ್ಣ ಹಚ್ಚುವುದು, ನೀರು ಎರಚುವುದು, ಕಲ್ಲಿನಿಂದ ಗೀಚುವುದು ಖಂಡಿತ ಬೇಡ. ಗೋಡೆಯ ತುಂಬ ಈಗಿನ ಪ್ರೇಮಿಗಳ ಹೆಸರು ಸಾಕಷ್ಟಿವೆ.

ಅಲ್ಲಿಂದ ಕಾಲು ಎಳೆದ ಕಡೆ ಹೋಗಿ. ನವರಂಗ ದರ್ವಾಜಾದ ಗೋಡೆಯ ಉಬ್ಬುಚಿತ್ರಗಳಿವೆ, ಒಂದೇ ಮಿನಾರು ಇರುವ ಏಕ್ ಮಿನಾರ್ ಮಸೀದಿ ಇದೆ. ಬಹಮನಿಗಳ ಕಾಲದ, 1513ರ ಮಸೀದಿ ಅದು, ಮಿನಾರಿನ ಎತ್ತರ ಸುಮಾರು 65 ಅಡಿ. ಓಣಿಯ ಮಾಳಿಗೆಗಳ ನಡುವಿನಿಂದ ಅದು ಯಾವ ಯಾವ ಜಾಗದಿಂದ ಕಾಣುತ್ತದೆ ಎಂದು ಲೆಕ್ಕ ಹಾಕುತ್ತ ನಡೆಯುವುದು ಮಕ್ಕಳಿಗೆ ಬಹಳ ಹಿಡಿಸುವ ಆಟ. ಖಾಸಬಾವಿ, ಮಾವಿನಕೆರೆಗಳ ದಂಡೆಯಲ್ಲಿ ಸಂಜೆ ಗೋಡೆಯ ಕಡೆಯೂ ಕಣ್ಣಿಡಿ, ಕಲ್ಲಿನ ಸಂದಿಗಳಲ್ಲಿ ಗಿಳಿಗಳು ಗೂಡು ಸೇರುವ ಹೊತ್ತು ಅದು.

ಬರೆದಿಡಿ, ಆದರೆ ಹೀಗೆ

ಅಂಗಿಯ ಜೇಬಿನಲ್ಲಿ ಹಿಡಿಸುವ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಪೆನ್ನಿನ ಶಾಯಿ ಬೆವರಿಗೆ ಹರಡುತ್ತದೆ, ಆದ್ದರಿಂದ ಪೆನ್ಸಿಲ್ಲು. ತಾರೀಖು, ಜಾಗ, ಮೂರು ಸಾಲು. ಅದಕ್ಕಿಂತ ಹೆಚ್ಚು ಬೇಡ.

ಬರೆಯುವಾಗ ‘ಚೆನ್ನಾಗಿತ್ತು’, ‘ಖುಷಿಯಾಯ್ತು’ ಎಂಬ ಮಾತುಗಳನ್ನು ದೂರವಿಡಿ. ರೈತರ ಬೆಳೆ ಮಾರಾಟವಾಗುವ ಗಂಜ್‌ಗೆ ಹೋಗಿ ಬಂದು ‘ಗಂಜ್‌ನಲ್ಲಿ ಓಡಾಡಿದೆ, ಹತ್ತಿ ಬಂದಿದೆ, ಚೆಂದ ಇತ್ತು’ ಎಂದು ಬರೆದರೆ ಮುಂದಿನ ವರ್ಷ ಓದುವಾಗ ಏನೂ ನೆನಪಾಗುವುದಿಲ್ಲ. ‘ಗಂಜ್ ಗೇಟಿನ ಹತ್ತಿರದ ಜಾಲಿಗಿಡದ ಮುಳ್ಳಿಗೆಲ್ಲ ಅರಳೆ ಸಿಕ್ಕಿಕೊಂಡಿದೆ. ಒಂದು ಗುಬ್ಬಿ ಅದನ್ನು ಎಳೆದೆಳೆದು ಬಿಡಿಸಿಕೊಂಡು ಹೋಯಿತು. ಹಮಾಲರೊಬ್ಬರು ತಲೆಗೂದಲಿನ ಅರಳೆ ಕೊಡವಿಕೊಂಡು ಬೀಡಿ ಹಚ್ಚಿದರು’ ಎಂದು ಬರೆದರೆ ಆ ಬೆಳಗು ಹಾಗೇ ಎದ್ದು ಬರುತ್ತದೆ. ಕಂಡದ್ದನ್ನು ಬರೆಯಿರಿ, ಖುಷಿ ತಾನಾಗಿ ಅದರೊಳಗೆ ಬಂದು ಕೂತಿರುತ್ತದೆ.

ಆ ಗಂಜ್, ಅಂದರೆ ರಾಜೇಂದ್ರ ಗಂಜ್ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಹೋಗಿ, ಲಾರಿಗಳಿಗೂ ಹಮಾಲರಿಗೂ ದಾರಿ ಬಿಟ್ಟು ಒಂದು ಬದಿಗೆ ನಿಲ್ಲಿ. ಹಿಂಗಾರಿ ಹೊತ್ತಿಗೆ ಹತ್ತಿ, ಭತ್ತ, ಆಮೇಲೆ ತೊಗರಿ, ಜೋಳ, ಹೀಗೆ ರಾಶಿಗಳ ಬಣ್ಣ ಬದಲಾಗುತ್ತ ಹೋಗುತ್ತದೆ. ರೈತರಿಗೆ ಅಲ್ಲಿ ವರ್ಷದ ದುಡಿಮೆಯ ಬೆಲೆ ಗೊತ್ತಾಗುವ ದಿನ. ಮುಖ ಸಣ್ಣದು ಮಾಡಿಕೊಂಡು ಚೀಲದ ಮೇಲೆ ಕೂತವರ ಫೋಟೊ ತೆಗೆಯಲು ಹೋಗಬೇಡಿ.

ಫೋಟೊ ಎಂದೆನಲ್ಲ, ಮೊದಲ ಕೆಲವು ವಾರ ಮೊಬೈಲ್ ಜೇಬಿನಲ್ಲೇ ಇರಲಿ. ಫೋಟೊ ತೆಗೆದ ಕೂಡಲೇ ಕಣ್ಣು ಕೆಲಸ ನಿಲ್ಲಿಸುತ್ತದೆ. ಆಮೇಲೆ ಬೇಕೆನಿಸಿದರೆ ಕೇಳಿ ತೆಗೆಯಿರಿ, ತೆಗೆದದ್ದನ್ನು ಅವರಿಗೆ ತೋರಿಸಿ. ಒಂದು ಪ್ರತಿ ಮುದ್ರಿಸಿ ತಂದುಕೊಟ್ಟರೆ ಅಂಗಡಿಯ ದೇವರ ಪಟದ ಪಕ್ಕ ಅದಕ್ಕೆ ಜಾಗ ಸಿಗುತ್ತದೆ.

ಮಾತಾಡಿಸುವುದು

ಸಂದರ್ಶನ ಮಾಡಬೇಡಿ. ಏನಾದರೂ ಕೊಂಡ ಮೇಲೆ, ಅವರ ಕೈ ಖಾಲಿ ಇದ್ದಾಗ ಒಂದೇ ಒಂದು ಪ್ರಶ್ನೆ. ಹಿರಿಯರಾದರೆ ಕಾಕಾ, ಚಾಚಾ. ನಿಮ್ಮ ಓರಗೆಯವರಾದರೆ ಅಣ್ಣಾ, ಭಾಯ್, ಅಕ್ಕಾ. ‘ಕಾಕಾ, ಈ ತಕ್ಕಡಿ ಯಾರ ಕಾಲದ್ದ್ರಿ?’ ಎಂದರೆ ಸಾಕು. ಊರಿನ ಬಗ್ಗೆ, ರಾಜಕೀಯದ ಬಗ್ಗೆ ಕೇಳಿದರೆ ಎಲ್ಲರೂ ಹೇಳುವುದನ್ನೇ ಅವರೂ ಹೇಳುತ್ತಾರೆ. ಕೈಯಲ್ಲಿರುವ ಸಾಮಾನಿನ ಬಗ್ಗೆ ಕೇಳಿದರೆ ಅವರೊಬ್ಬರಿಗೇ ಗೊತ್ತಿರುವುದನ್ನು ಹೇಳುತ್ತಾರೆ. ಬೀಗ ರಿಪೇರಿ ಮಾಡುವವರು, ಹಾಸಿಗೆಗೆ ಅರಳೆ ಹಿಂಜುವವರು, ಗಡಿಯಾರದವರು, ಕುಲುಮೆಯವರು, ಇವರನ್ನು ಮೊದಲು ಮಾತಾಡಿಸಿ.

ಸ್ಟೇಷನ್

ಪ್ಲಾಟ್‌ಫಾರ್ಮ್ ಟಿಕೆಟ್ಟಿಗೆ ಹತ್ತು ರೂಪಾಯಿ. ಟಿಕೆಟ್ ತೆಗೆದುಕೊಂಡೇ ಒಳಗೆ ಹೋಗಿ. ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ಒಂದನ್ನೊಂದು ಕೂಡಿದ್ದು ಇದೇ ರಾಯಚೂರಿನಲ್ಲಿ, 1871ರಲ್ಲಿ. ಎರಡು ಬೇರೆ ಬೇರೆ ಕಂಪನಿಗಳು ಎರಡು ದಿಕ್ಕಿನಿಂದ ಹಾಕುತ್ತ ಬಂದ ಹಳಿ ಅದು. ಈಗ ಅದನ್ನು ನೆನಪಿಸುವ ಗದ್ದಲವೇನೂ ಇಲ್ಲ. ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಕೂತು ಜನ ಏನೇನು ಹೊತ್ತು ಇಳಿಯುತ್ತಾರೆ ಎಂಬುದೊಂದನ್ನೇ ನೋಡಿ: ರೊಟ್ಟಿಗಂಟು, ಮಗಳ ಮನೆಗೆ ಶೇಂಗಾ ಚೀಲ, ಪರೀಕ್ಷೆಗೆ ಹೋಗಿ ಬಂದವರ ಬೆನ್ನುಚೀಲ, ದುಡಿಯಲು ಹೋದ ಕುಟುಂಬದ ಪಾತ್ರೆ ಪಗಡೆ. ಊರು ಯಾರನ್ನು ಕಳಿಸುತ್ತಿದೆ, ಯಾರನ್ನು ಕರೆಸಿಕೊಳ್ಳುತ್ತಿದೆ ಎಂಬುದು ಯಾವ ವರದಿಗಿಂತಲೂ ಚೆನ್ನಾಗಿ ಅಲ್ಲಿ ತಿಳಿಯುತ್ತದೆ.

ಬೇಸಿಗೆಗೆ ಮಾಳಿಗೆ

ಮೇ ತಿಂಗಳಲ್ಲಿ ದಾರಿ ಬೇಡವೆನಿಸಿದ ದಿನ ಮನೆಯ ಮಾಳಿಗೆ ಹತ್ತಿ. ಕೂಲರ್ ಬಂದ ಮೇಲೆ ಮಾಳಿಗೆಯ ಮೇಲೆ ಮಲಗುವವರು ಕಡಿಮೆಯಾಗಿದ್ದಾರೆ, ಇದು ನಷ್ಟ. ಮಾಡುವ ಬಗೆ ಇಷ್ಟೇ. ಹೊತ್ತು ಮುಳುಗುವ ಮೊದಲು ಕಸ ಗುಡಿಸಿ. ಮುಳುಗಿದ ಮೇಲೆ ಒಂದು ಸಲ ನೀರು ಹೊಡೆಯಿರಿ. ಕಾಯಿಪಲ್ಯ, ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೂಡಿಟ್ಟಿದ್ದರೆ ಇದಕ್ಕೆ ಆಗುತ್ತದೆ, ನಲ್ಲಿ ನೀರು ಚೆಲ್ಲುವಷ್ಟು ನಮ್ಮೂರಲ್ಲಿ ಯಾರಿಗೂ ಹೆಚ್ಚಾಗಿಲ್ಲ. ಮೊದಲ ನೀರಿಗೆ ಕಾದ ಫರ್ಸಿಯಿಂದ (ನೆಲದ ಹಾಸುಗಲ್ಲಿನಿಂದ) ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ, ಆಗಲೇ ಚಾಪೆ ಹಾಸಿದರೆ ಬೆನ್ನು ಬೇಯುತ್ತದೆ. ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ ನೀರು. ಒಂಬತ್ತರ ಹೊತ್ತಿಗೆ ಚಾಪೆ, ಕೌದಿ, ತಲೆಯ ಹತ್ತಿರ ಮಣ್ಣಿನ ತತ್ರಾಣಿಯಲ್ಲಿ ನೀರು. ಗಿಡ್ಡ ಗೋಡೆಯ ಮಾಳಿಗೆಯಾದರೆ ಮಕ್ಕಳನ್ನು ನಡುವೆ ಮಲಗಿಸಿ.

ಮಲಗಿದ ಮೇಲೆ ಆಗ್ನೇಯಕ್ಕೆ ನೋಡಿ. ಮೇ ಕೊನೆಯ ವಾರದ ರಾತ್ರಿಗಳಲ್ಲಿ ಒಂಬತ್ತರ ಸುಮಾರಿಗೆ ಅಲ್ಲಿ ಕೆಂಪಗೆ ಹೊಳೆಯುವ ಒಂದು ನಕ್ಷತ್ರ ಕಾಣುತ್ತದೆ. ಅದು ಜ್ಯೇಷ್ಠಾ, ಅದರ ಕೆಳಗೆ ಕೊಂಡಿಯಂತೆ ಬಾಗಿರುವುದು ಚೇಳಿನ ಬಾಲ. ಜ್ಯೇಷ್ಠ ಮಾಸದ ಹುಣ್ಣಿಮೆಯ ಚಂದ್ರ ಈ ನಕ್ಷತ್ರದ ಆಸುಪಾಸಿನಲ್ಲೇ ಇರುತ್ತಾನೆ, ಮಾಸಕ್ಕೆ ಆ ಹೆಸರು ಬಂದದ್ದೂ ಹಾಗೆಯೇ. ನಮ್ಮ ರೈತರಿಗೆ ಅದು ಕಾರಹುಣ್ಣಿಮೆ.

ವರ್ಷದಲ್ಲಿ ಗುರುತು ಹಾಕಿಕೊಳ್ಳಬೇಕಾದ ದಿನಗಳು

ದಿನದ ದಾರಿಯೊಂದಿಗೆ ಕ್ಯಾಲೆಂಡರ್ ಮೇಲೆ ನಾಲ್ಕು ಗುರುತು ಹಾಕಿ.

ಎಳ್ಳ ಅಮಾವಾಸ್ಯೆ, ಡಿಸೆಂಬರ್ ಜನವರಿಯ ಸುಮಾರಿಗೆ. ಹೊಲ ಇದ್ದವರೆಲ್ಲ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ನೈವೇದ್ಯ ಎರಚಲು ಹೊರಟು ಊರು ಅರ್ಧ ಖಾಲಿಯಾಗುತ್ತದೆ. ಹೊಲ ಇಲ್ಲದಿದ್ದರೆ ಇರುವ ಗೆಳೆಯರಿಗೆ ಹಿಂದಿನ ದಿನವೇ ‘ನಾನೂ ಬರ್ತೀನಿ’ ಎಂದು ಹೇಳಿಬಿಡಿ. ಕರೆಯಲಿ ಎಂದು ಕಾಯುವ ಹಬ್ಬವಲ್ಲ ಅದು. ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಷ್ಟು ಮಂದಿ ಬಂದರೂ ಮಿಕ್ಕುವಷ್ಟು ಇರುತ್ತವೆ.

ಮೊಹರಂ. ನಮ್ಮ ಕಡೆ ಅಲಾಯಿ ಹಬ್ಬವೆಂದರೆ ಎರಡೂ ಸಮಾಜದವರ ಹಬ್ಬ. ಚಾಂದ್ರಮಾನದ ಲೆಕ್ಕವಾದ್ದರಿಂದ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಮೊದಲೇ ತಾರೀಖು ನೋಡಿಟ್ಟುಕೊಳ್ಳಿ. ನಿಮ್ಮ ಓಣಿಯದನ್ನೇ ನೋಡಿ, ದೊಡ್ಡದನ್ನು ಹುಡುಕಿಕೊಂಡು ದೂರ ಹೋಗಬೇಡಿ. ಗುರುತಿನ ಮುಖಗಳೇ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಹೆಜ್ಜೆ ಹಾಕುವಾಗ ಬೇರೆಯಾಗಿ ಕಾಣುತ್ತವೆ.

ಕಾರಹುಣ್ಣಿಮೆ, ಸಾಮಾನ್ಯವಾಗಿ ಜೂನ್‌ನಲ್ಲಿ. ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ಹಬ್ಬಕ್ಕೆ ಊರೇ ಬರುತ್ತದೆ. ಎತ್ತುಗಳು ಟನ್‌ಗಟ್ಟಲೆ ಭಾರದ ಕಲ್ಲನ್ನು ಎಳೆಯುವ ಸ್ಪರ್ಧೆ ನಡೆಯುತ್ತದೆ. ಹೋಗುವ ಮೊದಲು, ಅದೇ ವಾರದಲ್ಲಿ, ಕೋಟೆ ಗೋಡೆಯ ಆ ಗೀರುಚಿತ್ರವನ್ನು ಇನ್ನೊಮ್ಮೆ ನೋಡಿ ಬನ್ನಿ. ಆಮೇಲೆ ಕಣದ ಬದಿಯಲ್ಲಿ ನಿಂತಾಗ ಎತ್ತಿನ ಹೆಗಲು ನೊಗಕ್ಕೆ ಒತ್ತಿ, ಗೊರಸು ಮಣ್ಣಿಗೆ ಇಳಿದು, ಕಲ್ಲು ಮೊದಲ ಗೇಣು ಜರುಗುವ ಆ ಗಳಿಗೆ ಬೇರೆಯೇ ಅರ್ಥ ಕೊಡುತ್ತದೆ. ಗೋಡೆಯಲ್ಲಿದ್ದ ಆಳುಗಳ ಕೂಗು ಏನಿದ್ದಿರಬಹುದೆಂದು ಅಲ್ಲಿ ಕಿವಿಯಿಂದಲೇ ತಿಳಿಯುತ್ತದೆ. ಬಿಸಿಲಿಗೆ ಟೋಪಿ ಬೇಕು, ಹಗ್ಗದ ಆಚೆಯೇ ನಿಲ್ಲಬೇಕು, ಎತ್ತು ಬೆದರುವಂತೆ ಸೀಟಿ ಹೊಡೆಯಬಾರದು. ಬಾರುಕೋಲಿನ ಬಳಕೆ ಅತಿಯಾದರೆ ಅಲ್ಲೇ ಹೇಳಿ, ಹೇಳುವವರು ಹೆಚ್ಚಾದಷ್ಟೂ ಒಳ್ಳೆಯದು.

ಅದಾಗಿ ಎರಡು ವಾರಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕುಂಬಾರರು ಬುಟ್ಟಿಯಲ್ಲಿ ಜೋಡಿ ಜೋಡಿ ಮಣ್ಣೆತ್ತು ತಂದು ಮಾರ್ಕೆಟ್ಟಿನ ಬದಿಯಲ್ಲಿ ಕೂಡುತ್ತಾರೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಕೋಡು ಮುರಿದವೇ ಉಳಿದಿರುತ್ತವೆ. ಬಣ್ಣ ಬಳಿದವಕ್ಕಿಂತ ಬರೀ ಹಸಿಮಣ್ಣಿನವನ್ನು ಆರಿಸಿ. ಇಣಿಯ (ಎತ್ತಿನ ಡುಬ್ಬದ) ಮೇಲೆ ಮಾಡಿದವರ ಹೆಬ್ಬೆರಳಿನ ಗುರುತು ಕಾಣುತ್ತದೆ, ಮತ್ತು ಆಮೇಲೆ ಗಿಡದ ಬುಡಕ್ಕೆ ಹಾಕಿದರೆ ಕರಗಿ ಹೋಗುತ್ತವೆ. ಚೀಲಕ್ಕೆ ಹಾಕಿಕೊಳ್ಳದೆ ತಟ್ಟೆಯಲ್ಲಿ ಒಯ್ಯಿರಿ. ಮರುದಿನ ಕೆಲವು ಓಣಿಗಳಲ್ಲಿ ಮಕ್ಕಳು ಕಾಲು ಮುರಿದ ಎತ್ತನ್ನು ಹಿಡಿದುಕೊಂಡು, ಹಾಡಿಕೊಂಡು, ಮನೆಮನೆಗೆ ಜೋಳ ಕೇಳಲು ಬರುತ್ತಾರೆ. ಹಿಂದಿನ ರಾತ್ರಿಯೇ ಬಾಗಿಲ ಬಳಿ ಡಬ್ಬಿಯಲ್ಲಿ ಜೋಳ ತೆಗೆದಿಡಿ. ಐದು ರೂಪಾಯಿ ನಾಣ್ಯ ಕೊಟ್ಟು ಕಳಿಸಬೇಡಿ, ಅವರ ಹಾಡು ಮುಗಿಯುವವರೆಗೆ ನಿಂತು ಕೇಳಿ, ಆಮೇಲೆ ಬೊಗಸೆ ತುಂಬ ನೀಡಿ.